ಹುಲಿಯ ಹಂಗಿಲ್ಲದ ನಾಲ್ಕು ದಿನ

ಗೆಳೆಯರೆಲ್ಲ ಸೇರಿ ಕಾಡಿಗೆ ಹೋಗೋಣ ಅಂದಕೂಡಲೇ ಒಬ್ಬರು ಬಂಡೀಪುರ ಅನ್ನುತ್ತಾರೆ, ಇನ್ನೊಬ್ಬರು ಕಬಿನಿ. ಸಫಾರಿ ಸೀಟು ಸಿಗದೆ, ಸಿಕ್ಕರೂ ಹುಲಿ ಕಾಣದೆ ಸಪ್ಪೆ ಮುಖದಲ್ಲಿ ವಾಪಸಾದವರನ್ನು ಬಹಳ ಕಂಡಿದ್ದೇನೆ. ಹುಲಿಯನ್ನು ಒಂದು ಸಲ ಮರೆತು ಹೊರಡಿ. ಕುರುಚಲು ಗುಡ್ಡದ ಕರಡಿಯಿಂದ ಕತ್ತಲೆಕಾನಿನ ಸಿಂಗಳೀಕದವರೆಗೆ, ಬಯಲುಸೀಮೆ ಮಲೆನಾಡು ಎರಡನ್ನೂ ಹೊಲಿಯುವ ಒಂದು ದಾರಿಯಿದೆ. ಒಂದು ಕಾರು, ನಾಲ್ಕು ಜನ, ನಾಲ್ಕು ದಿನ ಸಾಕು. ಐದನೆಯವರನ್ನು ತುರುಕಬೇಡಿ, ಹಿಂದಿನ ಸೀಟಿನಲ್ಲಿ ಇಕ್ಕಟ್ಟಾದರೆ ಮಾತು ಜಗಳಕ್ಕೆ ತಿರುಗುತ್ತದೆ.

ಹೊರಡಲು ಒಳ್ಳೆಯ ಕಾಲ ಅಕ್ಟೋಬರ್ ಕೊನೆಯಿಂದ ಡಿಸೆಂಬರ್. ಹಳ್ಳಗಳಲ್ಲಿ ನೀರಿರುತ್ತದೆ, ಉಂಬಳ ಕಡಿಮೆಯಾಗಿರುತ್ತದೆ. ಬೆಂಗಳೂರಿನಿಂದ ಹೊಸಪೇಟೆಗೆ ಸುಮಾರು 340 ಕಿ.ಮೀ. ಬೆಳಗಿನ ಜಾವ ಐದಕ್ಕೆ ಬಿಟ್ಟು ಹಿರಿಯೂರು, ಚಿತ್ರದುರ್ಗದ ಆಸುಪಾಸಿನಲ್ಲಿ ತಿಂಡಿ ಮುಗಿಸಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಹೊಸಪೇಟೆ. ಊಟವಾದಮೇಲೆ ಮಲಗಬೇಡಿ. ಅಲ್ಲಿಂದ ಕಮಲಾಪುರದ ಮೇಲೆ ನೇರ ದರೋಜಿಗೆ ಹೋಗಿ.

ದರೋಜಿ ಕರಡಿಧಾಮ 1994ರಲ್ಲಿ ಆದದ್ದು. ಇಲ್ಲಿ ಜೀಪಿನಲ್ಲಿ ಸುತ್ತುವ ಗದ್ದಲವಿಲ್ಲ. ಪ್ರವೇಶ ಶುಲ್ಕ ಕಟ್ಟಿ ವೀಕ್ಷಣಾ ಗೋಪುರ ಹತ್ತಿ ಕೂರುವುದು, ಎದುರಿನ ಬಂಡೆಗುಡ್ಡ ನೋಡುತ್ತ ಕಾಯುವುದು. ಅರಣ್ಯ ಸಿಬ್ಬಂದಿ ಮೊದಲೇ ಬಂಡೆಗಳಿಗೆ ಬೆಲ್ಲ ಸವರಿರುತ್ತಾರೆ. ಈ ಪದ್ಧತಿ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕಾಡುಪ್ರಾಣಿ ತನ್ನ ಗೆದ್ದಲು, ತನ್ನ ಹಣ್ಣು ಹುಡುಕಿಕೊಂಡೇ ಬಾಳಬೇಕು. ಆದರೂ ನಾಲ್ಕು ಗಂಟೆಯ ಬಿಸಿಲು ಇಳಿಯುವಾಗ ಮೊದಲು ಕಪ್ಪು ಚುಕ್ಕೆಯೊಂದು ಬಂಡೆಯ ಸಂದಿನಲ್ಲಿ ಅಲುಗಿ, ಆಮೇಲೆ ಅದಕ್ಕೆ ಕಾಲು ಮೂಡಿ, ತಾಯಿಯ ಬೆನ್ನಿನ ಜೂಲು ಹಿಡಿದು ಕೂತ ಎರಡು ಮರಿಗಳು ಕಂಡಾಗ ನಮ್ಮ ಗುಂಪಿನ ಮಹಾ ಮಾತುಗಾರನೂ ಬಾಯಿ ಮುಚ್ಚಿದ. ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುವುದು ನಮ್ಮ ಈ ಕರಡಿಯ ವಿಶೇಷ. ದೂರ ಹೆಚ್ಚು, ಮೊಬೈಲ್ ಕ್ಯಾಮೆರಾ ನೆಚ್ಚಿಕೊಳ್ಳಬೇಡಿ. ಒಳ್ಳೆಯದೊಂದು ದುರ್ಬೀನು ಬೇಕೇ ಬೇಕು, ನೀರಿನ ಬಾಟಲಿಯೂ.

ಮರುದಿನ ಬೆಳಕು ಹರಿಯುವಾಗ ಹಂಪಿಯ ಹೊಳೆದಂಡೆಗೆ ಹೋಗಿ. ತುಂಗಭದ್ರೆಯ ಈ ಭಾಗವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ. ನೀರುನಾಯಿ ಸಿಗುತ್ತದೆ ಅಂತ ಭರವಸೆ ಕೊಡಲಾರೆ. ಬಂಡೆಯ ಮೇಲೆ ಮೀನಿನ ಪೊರೆ ತುಂಬಿದ ಹಿಕ್ಕೆ ಕಂಡರೆ ಅವು ಹತ್ತಿರದಲ್ಲೇ ಓಡಾಡಿವೆ ಎಂದು ತಿಳಿಯಿರಿ.

ಎಂಟಕ್ಕೆ ಅಲ್ಲಿಂದ ಎದ್ದು ಹೂವಿನಹಡಗಲಿ, ಹಾವೇರಿ, ಶಿರಸಿ ಮಾರ್ಗವಾಗಿ ಸಿದ್ದಾಪುರ ಸೇರಿ. ಹಾವೇರಿ ದಾಟಿದ ಮೇಲೆ ಮಣ್ಣಿನ ಬಣ್ಣ ಬದಲಾಗುತ್ತದೆ, ಮೆಕ್ಕೆಜೋಳ ಹೋಗಿ ಭತ್ತ, ಭತ್ತ ಹೋಗಿ ಅಡಿಕೆ ಬರುತ್ತದೆ. ಸಿದ್ದಾಪುರದ ಸುತ್ತ ತೋಟದ ಮನೆಗಳಲ್ಲೇ ಉಳಿದುಕೊಳ್ಳುವ ಅನುಕೂಲವಿದೆ, ಮುಂಚೆಯೇ ಮಾತಾಡಿಕೊಳ್ಳಿ. ಹಾಗೆ ಉಳಿದರೆ ಇನ್ನೊಂದು ಲಾಭ: ತೇಜಸ್ವಿಯವರ ‘ಕರ್ವಾಲೊ’ ಓದಿದವರೆಲ್ಲ ಹುಡುಕುವ ಹಾರುವ ಓತಿ ಅಡಿಕೆ ಮರದ ಕಾಂಡದಲ್ಲೇ ಅಂಟಿಕೊಂಡಿರುತ್ತದೆ. ಎಳೆಬಿಸಿಲು ಬಿದ್ದ ಮರಗಳನ್ನು ಬುಡದಿಂದ ಮೇಲಕ್ಕೆ ನಿಧಾನ ನೋಡುತ್ತ ಹೋಗಿ. ತೊಗಟೆಯದೇ ಬಣ್ಣ. ಗಂಡು ಗಂಟಲಿನ ಹಳದಿ ಚೀಲವನ್ನು ಚಾಚಿ ಮಡಿಸಿದಾಗ ಮಾತ್ರ ಗುಟ್ಟು ಬಯಲಾಗುತ್ತದೆ.

ಈ ಪ್ರವಾಸದ ತಿರುಳು ಮೂರನೆಯ ದಿನ. ಮಾವಿನಗುಂಡಿಯಿಂದ ಹೊನ್ನಾವರದ ಕಡೆಗೆ ಹೊರಟರೆ ಹೆದ್ದಾರಿ ಬದಿಯಲ್ಲೇ ಕತ್ತಲೆಕಾನು. ಸಾವಿರಾರು ವಾಹನಗಳು ಇದರ ಪಕ್ಕದಲ್ಲೇ ಹೋಗುತ್ತವೆ, ಇಳಿದು ನೋಡುವವರಿಲ್ಲ. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ವಲಯ ಕಚೇರಿಯಲ್ಲಿ ಹಿಂದಿನ ದಿನವೇ ವಿಚಾರಿಸಿ, ಜೊತೆಗೆ ಸ್ಥಳೀಯರೊಬ್ಬರನ್ನು ಕರೆದುಕೊಳ್ಳಿ. ಅನುಮತಿ ಸಿಗದಿದ್ದರೆ ಒಳಗೆ ಕಾಲಿಡಬೇಡಿ.

ಒಳಗಿರುವುದು ರಾಂಪತ್ರೆ ಜಡ್ಡಿ. ಜಾಯಿಕಾಯಿಯ ಬಳಗದ ಮರಗಳು ವರ್ಷವಿಡೀ ಒಸರುವ ನೀರಿನಲ್ಲೇ ನಿಂತಿವೆ. ಕೆಸರಿನಲ್ಲಿ ಬೇರಿಗೆ ಉಸಿರಾಡಲು ಗಾಳಿ ಸಿಗದ ಕಾರಣ ಬೇರುಗಳೇ ನೀರಿನಿಂದ ಮೇಲೆದ್ದು ಮಂಡಿ ಮಡಿಸಿದಂತೆ ಬಾಗಿ ಮತ್ತೆ ಕೆಸರಿಗೆ ಇಳಿಯುತ್ತವೆ. ಕೆಲವು ಮರಗಳು ಊರುಗೋಲಿನಂಥ ಬೇರುಗಳನ್ನು ಸುತ್ತಲೂ ಊರಿಕೊಂಡಿವೆ. ಗೇರಿನ ಬಳಗದ ಒಂದು ಅಪರೂಪದ ಮರವನ್ನು ಇಲ್ಲಿ ಗುರುತಿಸಿ 2000ದಲ್ಲಿ ಈ ಕಾಡಿನದೇ ಹೆಸರಿಟ್ಟರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. 2014ರಲ್ಲಿ ಲೋಕಕ್ಕೆ ಪರಿಚಯವಾದ ಕುಂಬಾರ ಕಪ್ಪೆಯೂ ಈ ಕಾಡಿನದು. ಮೊಟ್ಟೆಯಾದ ಮೇಲೆ ಗಂಡುಕಪ್ಪೆ ಹಳ್ಳದಿಂದ ಮುಂಗೈಯಲ್ಲಿ ಮಣ್ಣು ತೆಗೆದು ಮೊಟ್ಟೆಗಳಿಗೆ ಮೆತ್ತುತ್ತದೆ. ಅದು ಮಳೆಗಾಲದ ರಾತ್ರಿಯ ಕೆಲಸ. ಅದಕ್ಕಾಗಿ ಇನ್ನೊಮ್ಮೆ ಬರಬೇಕು. ಜಡ್ಡಿಯಲ್ಲಿ ನಡೆಯುವಾಗ ಬೇರಿನ ಮೇಲೆ ಹೆಜ್ಜೆ ಇಡಬೇಡಿ. ನಮ್ಮಲ್ಲೊಬ್ಬ ಫೋಟೋಕ್ಕೆಂದು ಹತ್ತಿ ನಿಂತಾಗ ಎಳೆಯ ಬೇರೊಂದು ಲಟಕ್ಕನೆ ಮುರಿಯಿತು. ಆ ಸದ್ದು ನನಗೆ ಇನ್ನೂ ಮರೆತಿಲ್ಲ.

ಸಿಂಗಳೀಕ ನೋಡಲು ಕಾಡಿನ ನೆತ್ತಿಯ ಮೇಲೆ ಕಣ್ಣಿಡಿ. ಗಾಳಿಯಿಲ್ಲದಿದ್ದರೂ ಕೊಂಬೆ ತೂಗಿದರೆ ನಿಲ್ಲಿ. ಕಪ್ಪು ಮೈ, ಮುಖದ ಸುತ್ತ ಬೂದು ಬಿಳಿಯ ಕೇಸರ, ಬಾಲದ ತುದಿಗೆ ಕುಚ್ಚು. ಪಶ್ಚಿಮಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇದರ ನೆಲೆಯಿಲ್ಲ. ಅವಕ್ಕೆಂದೇ ಅಘನಾಶಿನಿ ಕಣಿವೆಯಲ್ಲಿ 2011ರಲ್ಲಿ ಮೀಸಲು ಪ್ರದೇಶವಾಯಿತು, 2019ರಲ್ಲಿ ಶರಾವತಿ ಕಣಿವೆಯನ್ನೂ ಸೇರಿಸಿ ಸುಮಾರು 930 ಚದರ ಕಿ.ಮೀ. ಅಭಯಾರಣ್ಯವಾಯಿತು. ಮಳೆಗಾಲದಲ್ಲಿ ಉಪ್ಪಾಗೆ ಹಣ್ಣೆಂದರೆ ಅವಕ್ಕೆ ಪ್ರಾಣ.

ನಾಲ್ಕನೆಯ ದಿನ ಜೋಗ ನೋಡಿ, ಸಾಗರ, ಶಿವಮೊಗ್ಗದ ಮೇಲೆ ಮನೆಗೆ. ಕಾಡಿನ ರಸ್ತೆಯಲ್ಲಿ ಕತ್ತಲಾದ ಮೇಲೆ ಗಾಡಿ ಓಡಿಸಬೇಡಿ, ಹಗಲಿನಲ್ಲೂ ನಲವತ್ತು ದಾಟಬೇಡಿ. ಘಟ್ಟದ ತಿರುವಿನಲ್ಲಿ ಮರ ಬಿಟ್ಟಿಳಿದ ಸಿಂಗಳೀಕ ಕೈಚಾಚಿ ಕೂತಿದ್ದರೂ ಬಿಸ್ಕತ್ತಾಗಲಿ ಬಾಳೆಹಣ್ಣಾಗಲಿ ಎಸೆಯಬೇಡಿ. ರಸ್ತೆಬದಿಯ ತಿನಿಸಿನ ರುಚಿ ಹತ್ತಿದ ಗುಂಪು ಅಲ್ಲೇ ಉಳಿಯುತ್ತದೆ, ಒಂದಲ್ಲ ಒಂದು ದಿನ ಚಕ್ರದಡಿ ಸಿಗುತ್ತದೆ.