ಯೂರೊ ಲೆಕ್ಕ, ಕಣದ ಲೆಕ್ಕ

ಒಣಗಿದ ಕಾಫಿ ಹಣ್ಣನ್ನು ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಅನ್ನಬೇಕು. ಅನ್ನದಿದ್ದರೆ ಇನ್ನೂ ಬಿಸಿಲು ಬೇಕು ಅಂತ ಅರ್ಥ. 2025ರ ಜನವರಿಯಲ್ಲಿ ಅಪ್ಪ ಕಣದ ನಡುವೆ ನಿಂತು ಹಾಗೆ ಒಂದೊಂದೇ ಮೂಲೆಯ ಹಣ್ಣು ಅಲ್ಲಾಡಿಸುತ್ತಿದ್ದಾಗ, ನಾನು ಜಗಲಿಯಲ್ಲಿ ಕೂತು ಮ್ಯೂನಿಕ್‌ನಿಂದ ಬಂದ ಮೇಲ್ ಅನ್ನು ಮೂರನೇ ಸಲ ಓದುತ್ತಿದ್ದೆ. ವರ್ಷಕ್ಕೆ 66,000 ಯೂರೊ. ಆಗ ಯೂರೊಗೆ ಸುಮಾರು 89 ರೂಪಾಯಿ. ಗುಣಿಸಿದರೆ 58 ಲಕ್ಷ ದಾಟುತ್ತದೆ. ಬೆಂಗಳೂರಿನಲ್ಲಿ ನನಗೆ ಬರುತ್ತಿದ್ದದ್ದು 32 ಲಕ್ಷ.

ನಮ್ಮದು ಕೊಡಗಿನ ನಂಜರಾಯಪಟ್ಟಣದಿಂದ ದುಬಾರೆ ಆನೆ ಶಿಬಿರಕ್ಕೆ ಹೋಗುವ ದಾರಿಯಲ್ಲಿ ನಾಲ್ಕು ಎಕರೆ ರೊಬಸ್ಟಾ. ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಅಪ್ಪನಿಗೆ ಆಗ 71. ಹಿಂದಿನ ರಾತ್ರಿ ಊಟದ ಹೊತ್ತಿಗೆ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಅಷ್ಟರಲ್ಲಿ ಖರ್ಚೆಲ್ಲ ಹೋಗಿ ಎಂತ ಉಳಿತದೆ ಮಗಾ?"

ಹದಿನಾಲ್ಕು ವರ್ಷ ಸಾಫ್ಟ್‌ವೇರ್‌ನಲ್ಲಿ ದುಡಿದವನು ನಾನು, ಆ ಪ್ರಶ್ನೆಯನ್ನು ನಾನೇ ಮೊದಲು ಕೇಳಿಕೊಳ್ಳಬೇಕಿತ್ತು. ಸಂಬಳವನ್ನು ರೂಪಾಯಿಗೆ ಗುಣಿಸುವುದು ನಮಗೆಲ್ಲ ಅಭ್ಯಾಸವಾಗಿಬಿಟ್ಟಿದೆ. ಖರ್ಚನ್ನು ಹಾಗೆ ಗುಣಿಸುವುದಿಲ್ಲ. ಯೂರೊದಲ್ಲಿ ದುಡಿದವನು ಬಾಡಿಗೆಯನ್ನೂ ಯೂರೊದಲ್ಲೇ ಕಟ್ಟಬೇಕು.

ಅಪ್ಪನ ಕೂಲಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲೇ ಬರೆಯಲು ಶುರು ಮಾಡಿದೆ. ಹೆಂಡತಿ, ಒಬ್ಬ ಮಗಳು, ದುಡಿಯುವವನು ನಾನೊಬ್ಬ. ತೆರಿಗೆ, ಪಿಂಚಣಿ, ಆರೋಗ್ಯ ವಿಮೆ, ನಿರುದ್ಯೋಗ ವಿಮೆ ಎಲ್ಲ ಕಳೆದು ಕೈಗೆ ಸಿಗುವುದು ತಿಂಗಳಿಗೆ ಸುಮಾರು 3,750 ಯೂರೊ. ಮಗುವಿಗೆ ಜರ್ಮನ್ ಸರ್ಕಾರ ಆಗ ಕೊಡುತ್ತಿದ್ದ 255 ಸೇರಿಸಿದರೆ ನಾಲ್ಕು ಸಾವಿರ. ಮ್ಯೂನಿಕ್‌ನಲ್ಲಿ ನಾವು ನೋಡಿದ ಎರಡು ಕೋಣೆಯ ಮನೆಗೆ ಹೀಟಿಂಗ್ ಸೇರಿ 1,850. ದಿನಸಿ 650. ಇಬ್ಬರ ರೈಲು ಪಾಸಿಗೆ ಆಗ ತಲಾ 58. ಕರೆಂಟು, ಇಂಟರ್‌ನೆಟ್ಟು, ಸಣ್ಣಪುಟ್ಟ ವಿಮೆ, ಮಗಳ ಖರ್ಚು, ವರ್ಷಕ್ಕೊಮ್ಮೆ ಮೂವರೂ ಊರಿಗೆ ಬಂದುಹೋಗುವ ಟಿಕೆಟ್ಟು. ಕೊನೆಗೆ ಉಳಿದದ್ದು 650 ಯೂರೊ, ಅಂದರೆ ಸುಮಾರು 58,000 ರೂಪಾಯಿ.

ಬೆಂಗಳೂರಿನಲ್ಲಿ ಕೈಗೆ ಬರುವುದು 1.85 ಲಕ್ಷ. ಖರ್ಚು ಒಂದು ಲಕ್ಷ. ಉಳಿಯುವುದು 85,000. ಪಿಎಫ್ ಬೇರೆ. ಹೆಂಡತಿಯ ಶಾಲೆಯ ಸಂಬಳ 30,000 ಇದರಲ್ಲಿ ಸೇರಿಲ್ಲ. ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿ ಇದ್ದವರ ಸಂಗಾತಿಗೆ ಅಲ್ಲಿ ಹೋದ ದಿನವೇ ಕೆಲಸ ಮಾಡುವ ಹಕ್ಕಿದೆ, ನಿಜ. ಆದರೆ ಕನ್ನಡ ಪಾಠ ಮಾಡುವವಳು ಜರ್ಮನ್ ಕಲಿತು ತರಗತಿಯಲ್ಲಿ ನಿಲ್ಲಲು ವರ್ಷಗಳೇ ಬೇಕು.

ಇದನ್ನು ಓದಿ ಯಾರೂ ಹೋಗುವುದೇ ನಷ್ಟ ಅಂದುಕೊಳ್ಳಬಾರದು. ಇಪ್ಪತ್ತಾರರ ಅವಿವಾಹಿತನಿಗೆ ಇದೇ ಸಂಬಳಕ್ಕೆ ತೆರಿಗೆ ಹೆಚ್ಚು, ಕೈಗೆ 3,350ರ ಸುಮಾರು ಸಿಗುತ್ತದೆ. ಆದರೆ ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆ ಸಾಕು, ತಿಂಗಳಿಗೆ 1,500 ಉಳಿಸಬಹುದು. ಆ ವಯಸ್ಸಿನ ತಮ್ಮನೊಬ್ಬ ನನಗಿದ್ದಿದ್ದರೆ ಹೋಗು ಅನ್ನುತ್ತಿದ್ದೆ. ಜರ್ಮನಿಯಲ್ಲಿ ಬ್ಲೂ ಕಾರ್ಡ್ ಇದ್ದವರಿಗೆ 27 ತಿಂಗಳಲ್ಲಿ ಕಾಯಂ ವಾಸದ ಪರವಾನಗಿ, ಭಾಷೆ ಚೆನ್ನಾಗಿ ಕಲಿತರೆ 21ರಲ್ಲೇ ಸಿಗುತ್ತದೆ. ಭಾರತದೊಂದಿಗಿನ ಸಾಮಾಜಿಕ ಭದ್ರತಾ ಒಪ್ಪಂದ 2017ರಿಂದ ಜಾರಿಯಲ್ಲಿದೆ, ಹಾಗಾಗಿ ಐದು ವರ್ಷ ಪಿಂಚಣಿಗೆ ಕಟ್ಟಿದವರು ಮುಂದೆ ಕೊಡಗಿನಲ್ಲೇ ಕೂತು ಅದನ್ನು ಪಡೆಯಬಹುದು.

ಅಮೆರಿಕದೊಂದಿಗೆ ನಮಗೆ ಅಂಥ ಒಪ್ಪಂದವಿಲ್ಲ. ಅಲ್ಲಿ ಸೋಷಿಯಲ್ ಸೆಕ್ಯುರಿಟಿಗೆ ಸಂಬಳದ ಶೇಕಡಾ 6.2 ಕಟ್ಟುತ್ತಾ ಹೋಗಬೇಕು, ಪಿಂಚಣಿಯ ಹಕ್ಕು ಬರಲು ಹತ್ತು ವರ್ಷದ ದುಡಿಮೆ ಬೇಕು. ಎಚ್-1ಬಿ ವೀಸಾದಲ್ಲಿದ್ದು ಕೆಲಸ ಹೋದರೆ ಸಿಗುವುದು ಹೆಚ್ಚೆಂದರೆ 60 ದಿನ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾದಾಗ ನನ್ನ ಜೊತೆ ಓದಿದವರ ಮನೆಗಳಲ್ಲಿ ಆ ರಾತ್ರಿ ಯಾರೂ ಸರಿಯಾಗಿ ಮಲಗಲಿಲ್ಲ.

ನನ್ನ ತೀರ್ಮಾನವನ್ನು ತಿರುಗಿಸಿದ್ದು ಮಾತ್ರ ಇನ್ನೊಂದು ಸಂಗತಿ. ಮ್ಯೂನಿಕ್‌ನ ಮೇಲ್ ಬಂದ ವಾರವೇ ಪಕ್ಕದ ತೋಟದವರು ಬೇಲಿಯ ಬಳಿ ಬಂದು, ನಮಗೆ ಅಂಟಿಕೊಂಡಿರುವ ಒಂದೂವರೆ ಎಕರೆ ಕೊಡುವುದಾಗಿ ಹೇಳಿದರು. ಕುಶಾಲನಗರದ ಪರಿಚಯದ ಆಡಿಟರ್ ಹತ್ತಿರ ಮಾತಿಗೆ ಅಂತ ಕೇಳಿದರೆ ಅವರು ನೇರವಾಗಿ ಹೇಳಿದರು: "ನೀವು ಕೆಲಸಕ್ಕೆ ಅಂತ ಹೊರದೇಶಕ್ಕೆ ಹೊರಟ ಮೇಲೆ ತೋಟ ಕೊಳ್ಳುವ ಹಾಗಿಲ್ಲ." ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ನಿಯಮದ ಪ್ರಕಾರ ಅನಿವಾಸಿ ಭಾರತೀಯರು ಮನೆ ಕೊಳ್ಳಬಹುದು, ಅಂಗಡಿ ಕೊಳ್ಳಬಹುದು. ಕೃಷಿ ಭೂಮಿ, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಮೊದಲೇ ಇದ್ದದ್ದನ್ನು ಇಟ್ಟುಕೊಳ್ಳಬಹುದು, ಪಿತ್ರಾರ್ಜಿತವಾಗಿ ಬಂದದ್ದನ್ನು ಪಡೆಯಬಹುದು. ಮುಂದೆ ಅಲ್ಲಿನ ಪೌರತ್ವ ತೆಗೆದುಕೊಂಡು ಒಸಿಐ ಕಾರ್ಡ್ ಮಾಡಿಸಿದರೂ ಇದೇ ನಿಯಮ. ನಮ್ಮ ಕಡೆಯ ಎಷ್ಟೋ ಹುಡುಗರು ಹತ್ತು ವರ್ಷ ದುಡಿದು ಊರಲ್ಲಿ ತೋಟ ಮಾಡುವ ಕನಸಿನಲ್ಲೇ ವಿಮಾನ ಹತ್ತುತ್ತಾರೆ. ಹತ್ತುವ ಮೊದಲು ಈ ಒಂದು ಮಾತು ಅವರ ಕಿವಿಗೆ ಬೀಳಬೇಕು.

ಅಪ್ಪನ ಹೆಸರಿನಲ್ಲಿ ಕೊಳ್ಳಬಹುದಲ್ಲ ಅಂದೆ. ಅಪ್ಪ ತಲೆಯಾಡಿಸಿದರು. "ಇರೋದನ್ನೇ ನೋಡ್ಲಿಕ್ಕೆ ಆಗ್ತಿಲ್ಲ. ಹಲಸು ಹಣ್ಣಾದ್ರೆ ರಾತ್ರಿ ಆನೆ ಬರ್ತದೆ. ಬೆಳಿಗ್ಗೆ ಎದ್ದು ಮುರಿದ ಗಿಡ ಎಣಿಸೋದು ಯಾರು?"

ರೊಬಸ್ಟಾ ಚೆರ್ರಿ ಆಗ 50 ಕೆಜಿ ಚೀಲಕ್ಕೆ ಹತ್ತು ಸಾವಿರ ದಾಟಿತ್ತು. ನಮಗೆ ಅರವತ್ತು ಚೀಲ. ಆದರೆ ಅದಕ್ಕೆ ನಾಲ್ಕು ವರ್ಷ ಮೊದಲು ಅದೇ ಚೀಲ ಮೂರೂವರೆ ಸಾವಿರದ ಆಸುಪಾಸಿನಲ್ಲಿತ್ತು, ಕೂಲಿ, ಗೊಬ್ಬರ ಕಳೆದರೆ ಏನೂ ಉಳಿಯುತ್ತಿರಲಿಲ್ಲ. ಅದಕ್ಕೇ ತೋಟ ನಂಬಿ ಕೆಲಸ ಬಿಡುವ ಯೋಚನೆ ನಾನು ಮಾಡಲಿಲ್ಲ. ಬೆಂಗಳೂರಿನ ಕೆಲಸವೂ ಯಾವ ಸೋಮವಾರ ಹೋಗುತ್ತದೋ ಗೊತ್ತಿಲ್ಲ, ಎಂಟು ತಿಂಗಳ ಖರ್ಚನ್ನು ಎಫ್‌ಡಿಯಲ್ಲಿ ಮುಟ್ಟದೆ ಇಟ್ಟಿದ್ದೇನೆ. ಎರಡು ಶನಿವಾರಕ್ಕೊಮ್ಮೆ ಐದು ತಾಸಿನ ದಾರಿ ಹಿಡಿದು ಊರಿಗೆ ಬರುತ್ತೇನೆ.

ಮ್ಯೂನಿಕ್‌ಗೆ ಆಗುವುದಿಲ್ಲ ಅಂತ ಬರೆದ ದಿನ ನನಗೆ ನಿರಾಳವೇನೂ ಆಗಲಿಲ್ಲ. ಮಗಳಿಗೆ ಸಿಗಬಹುದಾಗಿದ್ದ ಶಾಲೆ, ಅವಳು ಹೆದರದೆ ಒಬ್ಬಳೇ ದಾಟಬಹುದಾಗಿದ್ದ ರಸ್ತೆ ಕಣ್ಣ ಮುಂದೆ ಬಂದವು. ಅವಕ್ಕೆ ಆ ಪುಸ್ತಕದ ಹಾಳೆಯಲ್ಲಿ ನಾನು ಬೆಲೆ ಬರೆದಿರಲಿಲ್ಲ.

ಫೆಬ್ರವರಿ ಕೊನೆಗೆ ಹೂಮಳೆ ಬರಲಿಲ್ಲ. ಸ್ಪ್ರಿಂಕ್ಲರ್ ಪೈಪಿನ ಒಂದು ತುದಿ ಅಪ್ಪ ಹಿಡಿದರು, ಇನ್ನೊಂದು ತುದಿ ನಾನು. ಒಂಬತ್ತನೇ ದಿನ ಮಗಳನ್ನು ಕರೆದುಕೊಂಡು ಬಂದಾಗ ಇಡೀ ತೋಟ ಬೆಳ್ಳಗಾಗಿತ್ತು. ಬೇಲಿಯಾಚೆಯ ಒಂದೂವರೆ ಎಕರೆಗೆ ಯಾರೂ ನೀರು ಹಾಯಿಸಿರಲಿಲ್ಲ, ಅಲ್ಲಿ ಮೊಗ್ಗು ಇನ್ನೂ ಹಸಿರಾಗಿಯೇ ಇತ್ತು. ಅಪ್ಪ ಅತ್ತ ನೋಡಿ, "ಅವರಿಗೆ ಅಡ್ವಾನ್ಸ್ ಯಾವಾಗ ಕೊಡ್ತಿ?" ಅಂದರು.