ಸ್ಪಂಜಿನ ಚೂರು, ಹಳೆಯ ತಂತಿ

ಅರವತ್ತರ ದಶಕದ ಫೆಂಡರ್ ಬೇಸ್ ಗಿಟಾರ್ ಒಂದನ್ನು ಸಾಲ ಮಾಡಿಯಾದರೂ ತರಿಸಿಕೊಳ್ಳಬೇಕು ಅನ್ನುತ್ತಿದ್ದೀಯಲ್ಲ ಮಗೂ, ಬೇಡ ಅನ್ನುವುದಕ್ಕೆ ನಾನು ಕೂತಿಲ್ಲ. ನಿನ್ನ ಆಸೆ ಹುಸಿಯಲ್ಲ. ಹಳೆಯ ರೆಕಾರ್ಡುಗಳಲ್ಲಿ ಬೇಸ್ ದುಂಡಗೆ ಬಂದು ಎದೆಗೆ ತಾಗಿ, ಮುಂದಿನ ಸ್ವರಕ್ಕೆ ದಾರಿ ಬಿಟ್ಟು ಸರಿದುಹೋಗುತ್ತದೆ. ಒಮ್ಮೆ ಕಿವಿಗೆ ಬಿದ್ದರೆ ಅದು ಬಿಡುವಂಥದ್ದಲ್ಲ. ಆದರೆ ಆ ನಾದ ಎಲ್ಲಿಂದ ಹುಟ್ಟುತ್ತದೆಂದು ತಿಳಿಯದೆ ಲಕ್ಷಗಟ್ಟಲೆ ಸುರಿಯಬೇಡ. ಮೊದಲು ಕೇಳಿ ತಿಳಿದುಕೋ, ಆಮೇಲೆ ಕೊಳ್ಳುವ ಮಾತು.

ಲಿಯೋ ಫೆಂಡರ್ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರು. ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆಳೆತ್ತರದ ಡಬಲ್ ಬೇಸ್ ಹೊತ್ತು ಊರೂರು ಅಲೆಯುತ್ತಿದ್ದ, ಎಷ್ಟೇ ಮೀಟಿದರೂ ಬ್ಯಾಂಡಿನ ಗದ್ದಲದಲ್ಲಿ ಕೇಳಿಸದೇ ಹೋಗುತ್ತಿದ್ದ ವಾದಕರಿಗಾಗಿ 1951ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ಪ್ರಿಸಿಷನ್ ಬೇಸ್ ಹೊರತಂದರು. ಫ್ರೆಟ್ ಇದ್ದುದರಿಂದ ಬೆರಳಿಟ್ಟಲ್ಲಿ ಶ್ರುತಿ ತಪ್ಪುತ್ತಿರಲಿಲ್ಲ. ಅವರು ಆರಿಸಿಕೊಂಡ 34 ಇಂಚಿನ ತಂತಿಯುದ್ದವೇ ಇವತ್ತು ನಿನ್ನ ಕೈಯಲ್ಲಿರುವ ಬೇಸ್‌ನದ್ದೂ ಹೌದು. 1957ರಲ್ಲಿ ಪಿಕಪ್ಪನ್ನು ಎರಡು ತುಂಡು ಮಾಡಿ ಕೂರಿಸಿದರು, ಕರೆಂಟಿನ ಗುಂಯ್‌ಗುಡುವಿಕೆ ಅಡಗಿತು. 1960ರಲ್ಲಿ ಸಪೂರ ನೆಕ್ಕಿನ, ಎರಡು ಪಿಕಪ್ಪಿನ ಜಾಝ್ ಬೇಸ್ ಬಂತು. 1965ರ ಜನವರಿಯಲ್ಲಿ ಫೆಂಡರ್ ಕಂಪನಿ ಪ್ರಸಾರ ಸಂಸ್ಥೆ ಸಿಬಿಎಸ್‌ನ ಪಾಲಾಯಿತು. ಅದಕ್ಕೂ ಮುಂಚಿನದು ಎಂಬ ಒಂದೇ ಕಾರಣಕ್ಕೆ ಇವತ್ತು ಬೆಲೆ ಎಲ್ಲಿಗೋ ಏರುತ್ತದೆ.

ಈಗ ನಿನ್ನ ದೇವರ ವಿಷಯಕ್ಕೆ ಬರೋಣ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯವರು ಮನೆಯ ಗ್ಯಾರೇಜನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು. ಅಲ್ಲಿ ಜೇಮ್ಸ್ ಜೇಮರ್ಸನ್ 1962ರ ಪ್ರಿಸಿಷನ್ ಬೇಸನ್ನು ಆಂಪ್ ಇಲ್ಲದೆ ನೇರವಾಗಿ ರೆಕಾರ್ಡಿಂಗ್ ಬೋರ್ಡಿಗೆ ಚುಚ್ಚಿ ನುಡಿಸುತ್ತಿದ್ದರು. ಮೂಲತಃ ಡಬಲ್ ಬೇಸ್ ವಾದಕರಾದ್ದರಿಂದ ಎಡಗೈ ಗಟ್ಟಿ. ತಂತಿಗಳು ದಪ್ಪನೆಯ, ನುಣುಪು ಮೈಯ ಫ್ಲಾಟ್‌ವೂಂಡ್, ನೆಕ್ಕಿನಿಂದ ಎತ್ತರದಲ್ಲಿ ಬಿಗಿದವು, ಹರಿಯುವ ತನಕ ಬದಲಾಯಿಸದವು. ಬೆರಳಿನ ಬೆವರು, ಕೊಳೆ ಎಲ್ಲ ಸೇರಿದ ತಂತಿಯಲ್ಲೇ ನಾದವಿದೆ ಎಂದು ಅವರ ನಂಬಿಕೆ. ಬ್ರಿಡ್ಜ್ ಮೇಲಿನ ಕ್ರೋಮ್ ಮುಚ್ಚಳದೊಳಗೆ ಸ್ಪಂಜಿನ ಚೂರು. ಇದು ಅವರ ಸ್ವಂತ ಕರಾಮತ್ತಲ್ಲ, ಫೆಂಡರ್ ಕಾರ್ಖಾನೆಯೇ ಇಟ್ಟು ಕಳಿಸುತ್ತಿದ್ದದ್ದು. ಬಲಗೈಯಲ್ಲಿ ಮೀಟುತ್ತಿದ್ದದ್ದು ತೋರುಬೆರಳೊಂದರಿಂದಲೇ.

ದ ಟೆಂಪ್ಟೇಷನ್ಸ್ ತಂಡದ ‘ಮೈ ಗರ್ಲ್’ ಹಾಡಿನ ಶುರುವಿನಲ್ಲಿ ಬರೀ ಬೇಸ್ ಇದೆ, ಇನ್ನಾವ ವಾದ್ಯವೂ ಇಲ್ಲ. ಹೆಡ್‌ಫೋನ್ ಹಾಕಿಕೊಂಡು ಅದನ್ನು ಕೇಳು. ಆ ಹಾಡು ಬಂದದ್ದು 1964ರಲ್ಲಿ. ಲೆಕ್ಕ ಹಾಕಿ ನೋಡು: ನೀನು ‘ಹಳೆಯ ಬೇಸ್‌ನ ನಾದ’ ಅನ್ನುತ್ತೀಯಲ್ಲ, ಅದು ರೆಕಾರ್ಡಾದಾಗ ಆ ಬೇಸ್ ಹೆಚ್ಚುಕಡಿಮೆ ಹೊಸದು. ಹಳತಾಗಿದ್ದದ್ದು ತಂತಿ. ಮರ ಒಣಗಿ ಅರವತ್ತು ವರ್ಷವಾದ ಮೇಲೆ ಹುಟ್ಟಿದ ಮಾಯೆ ಅದಲ್ಲ. ಇದನ್ನು ಯಾರೂ ನಿನಗೆ ಹೇಳುವುದಿಲ್ಲ, ಯಾಕೆಂದರೆ ತಂತಿ ಮಾರಿ ಲಕ್ಷ ಸಂಪಾದಿಸಲು ಆಗುವುದಿಲ್ಲ.

ಲಾಸ್ ಏಂಜಲೀಸ್‌ನ ಸ್ಟುಡಿಯೋಗಳಲ್ಲಿ ಕ್ಯಾರೋಲ್ ಕೇ ಕೂಡ ಇದೇ ಬಗೆಯ ಪ್ರಿಸಿಷನ್ ಬೇಸ್ ಹಿಡಿದವರು. ಅವರು ಪ್ಲೆಕ್ಟ್ರಮ್‌ನಿಂದ ಮೀಟುತ್ತಿದ್ದರು, ತಂತಿಯ ಮೇಲೆ ಬ್ರಿಡ್ಜಿನ ಹತ್ತಿರ ಫೆಲ್ಟ್ ಬಟ್ಟೆ ಇಡುತ್ತಿದ್ದರು. ಕೈ ಬೇರೆ, ಊರು ಬೇರೆ, ಆದರೂ ಸ್ವರವನ್ನು ಉದ್ದಕ್ಕೆ ಎಳೆಯದೆ ಮೊಟಕಾಗಿಸುವ ಉಪಾಯ ಒಂದೇ. ನನ್ನ ಮಟ್ಟಿಗೆ ಆ ಕಾಲದ ಬೇಸ್‌ನ ಸೊಗಸು ಇರುವುದು ಸ್ವರ ಶುರುವಾಗುವ ರೀತಿಯಲ್ಲಲ್ಲ, ಮುಗಿಯುವ ರೀತಿಯಲ್ಲಿ. ತೆರೆದ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅದರ ಜೊತೆಗೆ ಏಳುವ ಚುರುಕಾದ ಮೇಲುನಾದಗಳನ್ನು ಫ್ಲಾಟ್‌ವೂಂಡ್ ತಂತಿ ತಗ್ಗಿಸುತ್ತದೆ, ಸ್ಪಂಜು ಗುಂಗನ್ನು ಕತ್ತರಿಸುತ್ತದೆ. ಹೀಗೆ ತೆರವಾದ ಜಾಗದಲ್ಲಿ ಡ್ರಮ್ಮಿನ ಪೆಟ್ಟು, ಹಾಡುವವರ ಉಸಿರು ಕೇಳಿಸುತ್ತವೆ. 1966ರಲ್ಲಿ ದ ಹೂ ತಂಡದ ಜಾನ್ ಎಂಟ್ವಿಸಲ್ ಅವರು ರೋಟೋಸೌಂಡ್ ಕಂಪನಿಯ ಜೊತೆ ಸೇರಿ ರೌಂಡ್‌ವೂಂಡ್ ತಂತಿ ರೂಪಿಸಿಕೊಂಡ ಮೇಲೆ ಬೇಸ್ ಪಿಯಾನೋದಷ್ಟು ಖಣಖಣ ಅನ್ನತೊಡಗಿತು. ಅದರ ಚೆಲುವೇ ಬೇರೆ. ನೀನು ಬಯಸುತ್ತಿರುವುದು ಅದನ್ನಲ್ಲ, ಆದರೆ ನಿನ್ನ ಬೇಸ್‌ನಲ್ಲಿ ಈಗ ಇರುವುದು ಅದೇ ಜಾತಿಯ ತಂತಿ.

ಹಾಗಾಗಿ ಫ್ಲಾಟ್‌ವೂಂಡ್ ತಂತಿಯ ಒಂದು ಸೆಟ್ ತಗೋ. ಬ್ರಿಡ್ಜ್ ಪಕ್ಕ ತಂತಿಯಡಿ ಸ್ಪಂಜು ತುರುಕು. ಟೋನ್ ಗುಂಡಿ ಅರ್ಧಕ್ಕಿಂತ ಕೆಳಗಿಳಿಸು. ರಸಮಂಜರಿಯಲ್ಲಿ ‘ಗೀತಾ’ ಚಿತ್ರದ ಹಾಡುಗಳನ್ನು ನುಡಿಸುತ್ತೀಯಲ್ಲ, 1981ರಲ್ಲೇ ಇಳಯರಾಜಾ ಬೇಸ್‌ಗೆ ಎಷ್ಟು ದೊಡ್ಡ ಮಾತು ಕೊಟ್ಟಿದ್ದಾರೆ ಅಲ್ಲಿ! ಅವನ್ನೇ ಹೀಗೆ ನುಡಿಸಿ ನೋಡು. ತಂತಿಗೆ ಕೆಲವು ತಿಂಗಳು ನಿನ್ನ ಬೆವರು ಕುಡಿಸು, ಉಜ್ಜಿ ತೊಳೆಯಬೇಡ.

ಇಷ್ಟಾದ ಮೇಲೂ ಹಳೆಯದೇ ಬೇಕು ಅನ್ನಿಸಿದರೆ ಅದಕ್ಕೂ ಕಾರಣ ಇಲ್ಲದಿಲ್ಲ. ಆಗ ಪಿಕಪ್ಪಿನ ತಾಮ್ರದ ತಂತಿಯನ್ನು ಕೈಯಿಂದ ನಡೆಸಿ ಸುತ್ತುತ್ತಿದ್ದರು, ಹಾಗಾಗಿ ಒಂದರ ದನಿ ಇನ್ನೊಂದರದಲ್ಲ. ದಶಕಗಳ ಕಾಲ ಅಂಗೈ ಸವೆಸಿದ ನೆಕ್ಕಿನ ಅಂಚಿನ ನುಣುಪು ಹೊಸದರಲ್ಲಿ ಸಿಗುವುದು ಕಷ್ಟ. ಅರವತ್ತರ ದಶಕದ ನಡುವಿನಿಂದ ಫೆಂಡರ್‌ನವರು ಫಿಂಗರ್‌ಬೋರ್ಡಿಗೆ ಬ್ರೆಜಿಲ್ ರೋಸ್‌ವುಡ್ ಬಿಟ್ಟು ಭಾರತದ್ದನ್ನು ಬಳಸತೊಡಗಿದರು. ಅದು ನಮ್ಮ ಪಶ್ಚಿಮಘಟ್ಟದಲ್ಲೂ ಬೆಳೆಯುವ ಬೀಟೆ ಮರ. ನನ್ನನ್ನು ಕೇಳಿದರೆ ಬೀಟೆಯದ್ದನ್ನೇ ಹುಡುಕು ಅನ್ನುತ್ತೇನೆ. ಬೆಲೆ ಕಡಿಮೆ, ನಾದಕ್ಕೇನೂ ಕುಂದಿಲ್ಲ. ಬ್ರೆಜಿಲ್ ರೋಸ್‌ವುಡ್‌ಗೆ 1992ರಿಂದ ಅಂತರರಾಷ್ಟ್ರೀಯ ನಿರ್ಬಂಧವಿದೆ, ಕಾಗದಪತ್ರ ಇಲ್ಲದೆ ಗಡಿ ದಾಟಿಸಿದರೆ ವಾದ್ಯವೇ ಕೈತಪ್ಪಿ ಹೋದೀತು.

ಫೋಟೋ ನೋಡಿ ದುಡ್ಡು ಕಳಿಸಬೇಡ. ನೆಕ್ ಬಿಚ್ಚಿಸಿ ಬುಡದಲ್ಲಿರುವ ತಾರೀಖು ನೋಡು. ಒಳಗಿನ ವಾಲ್ಯೂಮ್, ಟೋನ್ ಪಾಟ್‌ಗಳ ಬೆನ್ನ ಮೇಲೆ ಸಂಖ್ಯೆ ಒತ್ತಿರುತ್ತದೆ. 137ರಿಂದ ಶುರುವಾದರೆ ಅದು ಪಾಟ್ ತಯಾರಿಸಿದವರ ಗುರುತು, ಮುಂದೆ 6612 ಎಂದಿದ್ದರೆ 1966ರ ಹನ್ನೆರಡನೇ ವಾರ. ಪಾಟ್‌ಗಳನ್ನು ರಾಶಿ ಕೊಂಡು ವರ್ಷಗಟ್ಟಲೆ ಬಳಸಿದ್ದೂ ಉಂಟು. ಆದ್ದರಿಂದ ಬೇಸ್ ಆ ತಾರೀಖಿಗಿಂತ ಈಚಿನದಿರಬಹುದು, ಮೂಲ ಪಾಟ್ ಆಗಿದ್ದರೆ ಹಿಂದಿನದಂತೂ ಅಲ್ಲ. ಬೆಸುಗೆ ಹೊಸದಾಗಿ ಹೊಳೆಯುತ್ತಿದ್ದರೆ ಯಾಕೆ ಎಂದು ಕೇಳು. ಬಣ್ಣ ಎದ್ದಿದ್ದರೆ ಹಾಗೇ ಇರಲಿ. ಮತ್ತೆ ಬಣ್ಣ ಬಳಿಸಿದರೆ ಬೆಲೆ ಬಹಳ ಬೀಳುತ್ತದೆ.

ಕೊಂಡದ್ದನ್ನು ಗಾಜಿನ ಕಪಾಟಿನಲ್ಲಿ ಮಾತ್ರ ಇಡಬೇಡ ಮಗೂ. ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ತಮ್ಮ 1962ರ ಜಾಝ್ ಬೇಸ್‌ನ ಫ್ರೆಟ್ ಕಿತ್ತು, ಆ ಸೀಳುಗಳಿಗೆ ಮರದ ಪುಟ್ಟಿ ತುಂಬಿ, ಮೇಲೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದರಂತೆ. ಆಗ ಅದು ಸೆಕೆಂಡ್ ಹ್ಯಾಂಡ್ ವಾದ್ಯ, ಅಷ್ಟೇ. ಇಂದು ಅಂಥವು ಕಡಿಮೆ ಉಳಿದಿರುವುದರಿಂದ ಫ್ರೆಟ್ ಕೀಳುವ ಹಕ್ಕು ನಿನಗಿಲ್ಲ, ನುಡಿಸುವ ಹಕ್ಕು ಪೂರ್ತಿ ಇದೆ. ಮಳೆಗಾಲದಲ್ಲಿ ನೆಕ್ ಬಾಗಿದರೆ ಗಾಬರಿಯಾಗಬೇಡ. ಆ ಕಾಲದ ಫೆಂಡರ್‌ಗಳಲ್ಲಿ ನೆಕ್ಕಿನ ಬಾಗು ಸರಿಪಡಿಸುವ ಟ್ರಸ್ ರಾಡ್‌ನ ನಟ್ಟು ನೆಕ್ಕಿನ ಬುಡದಲ್ಲಿ ಅಡಗಿರುತ್ತದೆ, ನೆಕ್ ಬಿಚ್ಚಲೇಬೇಕು. ತಂತಿ ಸಡಿಲಿಸಿ, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡ. ಮೊದಲ ಸಲ ನನ್ನನ್ನು ಕರೆ, ಇಬ್ಬರೂ ಕೂತು ಮಾಡೋಣ.