ಓನರ್ ಕಮ್ ಡ್ರೈವರ್ ಇಟ್ಟುಕೊಳ್ಳಬೇಕಾದ ಕಾಗದಪತ್ರ

ಸ್ವಂತ ಲಾರಿ ಮಾಡುವ ಯೋಚನೆಯಲ್ಲಿರುವ ತಮ್ಮಂದಿರಿಗೆ,

ಸ್ವಂತ ಲಾರಿಯನ್ನು ತಾನೇ ಓಡಿಸಿ ಬದುಕುವವನಿಗೆ ಡಿಎಲ್ ಒಂದೇ ಸಾಲದು. 1988ರ ಮೋಟಾರು ವಾಹನ ಕಾಯ್ದೆ ಚಾಲಕನಿಂದ ಕೇಳುವುದು ಒಂದು, ಮಾಲೀಕನಿಂದ ಕೇಳುವುದು ಇನ್ನೊಂದು. ಓನರ್ ಕಮ್ ಡ್ರೈವರ್ ಎರಡಕ್ಕೂ ಉತ್ತರ ಕೊಡಬೇಕು. ಹತ್ತು ಲಾರಿ ಇಟ್ಟವರಲ್ಲಿ ಒಬ್ಬ ಚಾಲಕನ ಡಿಎಲ್ ಮುಗಿದರೆ ಇನ್ನೊಬ್ಬ ಸ್ಟೇರಿಂಗ್ ಹಿಡಿಯುತ್ತಾನೆ. ಒಂಟಿ ಲಾರಿಯವನ ದುಡಿಮೆ ಅಂದೇ ನಿಲ್ಲುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ.

ಲಾರಿ ಓಡಿಸಲು ಡಿಎಲ್‌ನಲ್ಲಿ ಟ್ರಾನ್ಸ್‌ಪೋರ್ಟ್ ವರ್ಗ ಸೇರಿರಬೇಕು. ಅದಕ್ಕೆ 20 ವರ್ಷ ತುಂಬಿರಬೇಕು, ಕಾರು ಮಟ್ಟದ ಎಲ್‌ಎಂವಿ ಲೈಸೆನ್ಸ್ ಪಡೆದು ಕನಿಷ್ಠ ಒಂದು ವರ್ಷ ಆಗಿರಬೇಕು. ಜತೆಗೆ ಡ್ರೈವಿಂಗ್ ಸ್ಕೂಲಿನ ಪ್ರಮಾಣಪತ್ರ, ವೈದ್ಯರ ಪ್ರಮಾಣಪತ್ರ ಬೇಕು. ಎಂಟನೇ ತರಗತಿ ಓದಿರಬೇಕೆಂಬ ನಿಯಮವನ್ನು ಕೇಂದ್ರ ಸರ್ಕಾರ 2019ರಲ್ಲಿ ತೆಗೆದುಹಾಕಿತು. ಓದು ಅರ್ಧಕ್ಕೆ ಬಿಟ್ಟು ಕ್ಲೀನರ್ ಆಗಿ ಕೆಲಸ ಕಲಿತವರಿಗೆ ಇದರಿಂದ ದಾರಿ ತೆರೆಯಿತು. ಆಗಬೇಕಾಗಿದ್ದ ಬದಲಾವಣೆಯೇ ಅದು. ಭರ್ತಿ ಸಮೇತ ಒಟ್ಟು ತೂಕ 7,500 ಕಿಲೋ ದಾಟದ ಗಾಡಿಗಾದರೆ ಟ್ರಾನ್ಸ್‌ಪೋರ್ಟ್ ವರ್ಗ ಬೇಕಿಲ್ಲ, ಎಲ್‌ಎಂವಿ ಲೈಸೆನ್ಸೇ ಸಾಕು. ಈ ಬಗ್ಗೆ ಬಹುಕಾಲ ಇದ್ದ ಗೊಂದಲವನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಬಗೆಹರಿಸಿದೆ. ಮಂಗಳೂರಿನಿಂದ ಗ್ಯಾಸ್, ಪೆಟ್ರೋಲ್ ಟ್ಯಾಂಕರ್ ಓಡಿಸುವವರಿಗೆ ಲೈಸೆನ್ಸಿನ ಜತೆಗೆ ಅಪಾಯಕಾರಿ ಸರಕಿನ ತರಬೇತಿಯೂ ಡಿಎಲ್‌ನಲ್ಲಿ ಅದರ ನಮೂದೂ ಬೇಕು.

ಹೆಚ್ಚಿನವರು ಎಡವುವುದು ಡಿಎಲ್ ಅವಧಿಯಲ್ಲಿ. ಕಾರ್ಡಿನ ಮೇಲೆ ಎರಡು ತಾರೀಖು ಇರುತ್ತವೆ: ಎನ್‌ಟಿ ಎಂದಿರುವುದು ಬೈಕು, ಕಾರಿಗೆ, ಟಿಆರ್ ಎಂದಿರುವುದು ಲಾರಿಗೆ. ಎನ್‌ಟಿ ತಾರೀಖು ಎಷ್ಟೋ ವರ್ಷ ಮುಂದಿರುತ್ತದೆ, ಕಣ್ಣಿಗೆ ಮೊದಲು ಬೀಳುವುದೂ ಅದೇ. ಟಿಆರ್ ಅವಧಿ ಐದೇ ವರ್ಷ, ಅಪಾಯಕಾರಿ ಸರಕಿಗೆ ಮೂರು ವರ್ಷ. ಹಿಂದೆ ಅವಧಿ ಮುಗಿದ ಮೇಲೂ 30 ದಿನ ಡಿಎಲ್ ಊರ್ಜಿತವಾಗಿರುತ್ತಿತ್ತು. 2019ರ ತಿದ್ದುಪಡಿಯ ನಂತರ ಆ ಸವಲತ್ತಿಲ್ಲ. ಮುಗಿದ ಮರುದಿನದಿಂದ ಲೈಸೆನ್ಸ್ ಇಲ್ಲ ಎಂದೇ ಲೆಕ್ಕ. ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು. ನವೀಕರಣಕ್ಕೆ ಒಂದು ವರ್ಷ ಮೊದಲೇ ಅರ್ಜಿ ಹಾಕಲು ಅವಕಾಶವಿದೆ. ಬಾಡಿಗೆ ಕಡಿಮೆಯಿರುವ ತಿಂಗಳಲ್ಲಿ ಆ ಕೆಲಸ ಮುಗಿಸಿಕೊಳ್ಳುವುದು ಜಾಣತನ.

ಇನ್ನು ಗಾಡಿಯ ಕಾಗದ. ಹೊಸ ಲಾರಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಸರ್ಟಿಫಿಕೇಟ್ (ಎಫ್‌ಸಿ) ಆಗಬೇಕು. ಎಫ್‌ಸಿ ಇಲ್ಲದ ಲಾರಿಗೆ ಆರ್‌ಸಿ ಇದ್ದೂ ಇಲ್ಲದಂತೆ, ಕಾಯ್ದೆಯೇ ಹಾಗೆ ಹೇಳುತ್ತದೆ. ಒಟ್ಟು ತೂಕ 3,000 ಕಿಲೋ ಮೀರದ ಚಿಕ್ಕ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಡ. ಅದಕ್ಕಿಂತ ದೊಡ್ಡದಕ್ಕೆ ಬೇಕೇ ಬೇಕು. ಪರ್ಮಿಟ್ ಐದು ವರ್ಷ ನಡೆಯುತ್ತದೆ. ಆದರೆ ನ್ಯಾಷನಲ್ ಪರ್ಮಿಟ್‌ನ ಆಥರೈಸೇಷನ್ ಅನ್ನು ವರ್ಷಕ್ಕೊಮ್ಮೆ ಹಣ ಕಟ್ಟಿ ಮುಂದುವರಿಸಬೇಕು. ಪರ್ಮಿಟ್ ಹಾಳೆ ಕೈಯಲ್ಲಿದೆಯಲ್ಲ ಎಂದುಕೊಂಡು ಗಡಿ ದಾಟಿದವರು ಸಿಕ್ಕಿಬೀಳುವುದು ಇಲ್ಲೇ. ರಸ್ತೆ ತೆರಿಗೆ, ಎಮಿಷನ್ ಸರ್ಟಿಫಿಕೇಟ್‌ಗಳಿಗೂ ಅವುಗಳದೇ ಗಡುವುಗಳಿವೆ.

ಸೆಕೆಂಡ್ ಹ್ಯಾಂಡ್ ಲಾರಿ ಕೊಳ್ಳುವವರು ಛಾಪಾ ಕಾಗದದ ಕರಾರನ್ನು ನಂಬಿ ಕೂರಬಾರದು. ಆರ್‌ಸಿಯಲ್ಲಿ ಹೆಸರಿದ್ದವನೇ ಮಾಲೀಕ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಫಾರಂ 29, 30 ಸಲ್ಲಿಸಿ ಆರ್‌ಸಿ ಬದಲಾಗಬೇಕು, ಹಳೆಯ ಫೈನಾನ್ಸ್ ಇದ್ದರೆ ಫಾರಂ 35 ಕೊಟ್ಟು ಅದನ್ನು ತೆಗೆಸಬೇಕು. ಪರ್ಮಿಟ್ ಆರ್‌ಸಿಯ ಹಿಂದೆ ತಾನಾಗಿ ಬರುವುದಿಲ್ಲ; ಸಾರಿಗೆ ಪ್ರಾಧಿಕಾರದ ಒಪ್ಪಿಗೆ ಪಡೆದೇ ವರ್ಗಾಯಿಸಿಕೊಳ್ಳಬೇಕು.

ಇದೆಲ್ಲದರ ಬೆಲೆ ತಿಳಿಯುವುದು ವಿಮೆಯ ಹೊತ್ತಿಗೆ. ಥರ್ಡ್ ಪಾರ್ಟಿ ವಿಮೆ ರಸ್ತೆಯ ಮೇಲಿನ ಬೇರೆಯವರಿಗಾಗಿ ಇರುವುದು. ಮಾಲೀಕನೇ ಓಡಿಸುತ್ತಿದ್ದು ಅವನೇ ಸತ್ತರೆ ಆ ವಿಮೆಯಿಂದ ಮನೆಯವರಿಗೆ ಬಿಡಿಗಾಸೂ ಬರುವುದಿಲ್ಲ. ಅದಕ್ಕೆಂದೇ ಓನರ್ ಡ್ರೈವರ್‌ಗೆ 15 ಲಕ್ಷ ರೂಪಾಯಿಯ ಕಡ್ಡಾಯ ಅಪಘಾತ ವಿಮೆ ಇದೆ. ಅದು ಸಿಗಲು ಮೂರು ಷರತ್ತು: ಆರ್‌ಸಿ ಅವನ ಹೆಸರಿನಲ್ಲಿರಬೇಕು, ಪಾಲಿಸಿಯೂ ಅವನ ಹೆಸರಿನಲ್ಲೇ ಇರಬೇಕು, ಡಿಎಲ್ ಚಾಲ್ತಿಯಲ್ಲಿರಬೇಕು. ಎದುರಿನವರು ಸತ್ತಾಗಲೂ ಡಿಎಲ್ ತಪ್ಪಿದ್ದರೆ, ಪರಿಹಾರ ಕೊಟ್ಟ ವಿಮಾ ಕಂಪನಿ ಆ ಹಣವನ್ನು ಮಾಲೀಕನಿಂದ ವಸೂಲು ಮಾಡಲು ಕೋರ್ಟುಗಳು ಅನುಮತಿ ಕೊಡುತ್ತವೆ. ಆಗ ಲಾರಿಯ ಜತೆ ಹೊಲಮನೆಯೂ ಹೋಗಬಹುದು.

ಲೋಡಿನ ಕಾಗದ ಬೇರೆ. ಸರಕಿನ ಬೆಲೆ 50,000 ರೂಪಾಯಿ ಮೀರಿದರೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕು, ಅದರಲ್ಲಿ ಲಾರಿಯ ನಂಬರ್ ಸರಿಯಾಗಿ ನಮೂದಾಗಿರಬೇಕು. 200 ಕಿ.ಮೀ.ಗೆ ಒಂದು ದಿನದ ಲೆಕ್ಕದಲ್ಲಿ ಅದಕ್ಕೂ ಅವಧಿ ಇದೆ. ಗಾಡಿ ಕೆಟ್ಟು ನಿಂತರೆ ಅವಧಿ ಮುಗಿಯುವ ಮುನ್ನ ಲೋಡ್ ಕೊಟ್ಟ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಫೋನು ಮಾಡಿ ವಿಸ್ತರಿಸಿಕೊಳ್ಳಬೇಕು. ಓವರ್‌ಲೋಡ್‌ಗೆ ಕಾಯ್ದೆ ವಿಧಿಸುವ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000.

ಟ್ರಾನ್ಸ್‌ಪೋರ್ಟ್ ಆಫೀಸಿಗೆ ಲಾರಿ ಬಾಡಿಗೆಗೆ ಕೊಟ್ಟು, ತಾನೇ ಎಲ್‌ಆರ್ (ಲಾರಿ ರಸೀದಿ) ಬರೆಯದ ಮಾಲೀಕನಿಗೆ ಆ ಬಾಡಿಗೆಯ ಮೇಲೆ ಜಿಎಸ್‌ಟಿ ಇಲ್ಲ. ಆದಾಯ ತೆರಿಗೆಯಲ್ಲೂ ಹತ್ತು ಗಾಡಿ ಮೀರದವರಿಗೆ ಸರಳ ಲೆಕ್ಕವಿದೆ: 12 ಟನ್ ಮೀರಿದ ಗಾಡಿಗೆ ತಿಂಗಳಿಗೆ ಟನ್ನಿಗೆ 1,000 ರೂಪಾಯಿ, ಉಳಿದವಕ್ಕೆ ಗಾಡಿಯೊಂದಕ್ಕೆ 7,500 ರೂಪಾಯಿ ಆದಾಯವೆಂದು ತೋರಿಸಿದರೆ ಸಾಕು. ಪ್ಯಾನ್ ಸಮೇತ ಘೋಷಣೆ ಬರೆದುಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್ ಕಡಿಯುವಂತೆಯೂ ಇಲ್ಲ.

ಇತಿ,
ಲಾರಿ ಲೈನಿನ ಹಿರಿಯ